ನೀಲಿ ಸಿಲಿಂಡರಿನ ಡಾಕ್ಟ್ರಮ್ಮ

ಅವರ ಎಡಗೈಯ ಕಿರುಬೆರಳು ಒಳಕ್ಕೆ ಬಾಗಿಕೊಂಡಿತ್ತು. ಹುಟ್ಟಿನಿಂದ ಬಂದ ಸೊಟ್ಟಲ್ಲ, ಮೂವತ್ತು ವರ್ಷ ಬೇರೆಯವರ ಗದ್ದ ಎತ್ತಿ ಹಿಡಿದು ಹಿಡಿದು ಹಾಗಾದದ್ದು. ಹೆಬ್ಬೆರಳು, ತೋರುಬೆರಳಿನಿಂದ ರಬ್ಬರ್ ಮಾಸ್ಕನ್ನು ಮುಖಕ್ಕೆ ಒತ್ತಿ, ಉಳಿದ ಮೂರು ಬೆರಳುಗಳನ್ನು ದವಡೆಯ ಕೆಳಗೆ ಕೊಟ್ಟು, ಮಲಗಿದವರ ಉಸಿರಿಗೆ ದಾರಿ ಮಾಡಿಕೊಡುವುದು ಅವರ ಕೆಲಸವಾಗಿತ್ತು. ಆಗ ಆ ಕಿರುಬೆರಳು ಕಿವಿಯ ಕೆಳಗಿನ ಮೂಳೆಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತಿತ್ತು. ಯಾವಾಗಲೂ ತಣ್ಣಗಿರುತ್ತಿದ್ದ ಬೆರಳು. ಒಂಬತ್ತು ಸಲ ಅದು ನನ್ನ ದವಡೆಯ ಕೆಳಗೆ ಕೂತಿದೆ. ಹಾಗಾಗಿ ಅವರ ಮುಖಕ್ಕಿಂತ ಮೊದಲು ನನಗೆ ನೆನಪಾಗುವುದು ಆ ಬೆರಳೇ.

ಹೊಸಪೇಟೆಯಲ್ಲಿ ಎಲ್ಲರಿಗೂ ಅವರು ಮತ್ತಿನ ಡಾಕ್ಟ್ರಮ್ಮ. ಆಪರೇಷನ್ನಿಗೆ ಮೊದಲು ಮತ್ತು ಬರಿಸುವವರು, ಮುಗಿದ ಮೇಲೆ ಎಬ್ಬಿಸುವವರು. ಅವರದೇ ಆದ ಆಸ್ಪತ್ರೆ ಇರಲಿಲ್ಲ, ಹೆಸರಿನ ಬೋರ್ಡೂ ಎಲ್ಲಿಯೂ ಇರಲಿಲ್ಲ. ಯಾರು ಕರೆದರೂ ಹಳೆಯ ಬಿಳಿ ವ್ಯಾನಿನಲ್ಲಿ ಹೋಗಿಬರುತ್ತಿದ್ದರು. ಮಂಗಳವಾರ ಸಂಡೂರು, ಶುಕ್ರವಾರ ಕಂಪ್ಲಿ, ಉಳಿದ ದಿನ ಹೊಸಪೇಟೆಯ ನಾಲ್ಕಾರು ನರ್ಸಿಂಗ್ ಹೋಮ್‌ಗಳು. ವ್ಯಾನಿನ ಮೈಮೇಲೆ ಅದಿರಿನ ಕೆಂಪು ಧೂಳು ಕೂತಿದ್ದರೆ ಸಂಡೂರಿನಿಂದ ಬಂದಿದ್ದಾರೆ, ಚಕ್ರಕ್ಕೆ ಗದ್ದೆಯ ಕಪ್ಪು ಕೆಸರು ಮೆತ್ತಿದ್ದರೆ ಕಂಪ್ಲಿಯಿಂದ ಎಂದು ನರ್ಸುಗಳು ಕಿಟಕಿಯಿಂದಲೇ ಹೇಳುತ್ತಿದ್ದರು. ವಯಸ್ಸು ಅರವತ್ತರ ಹತ್ತಿರ. ಮದುವೆ ಆಗಿರಲಿಲ್ಲ. ತೆಳುವಾದ ಕಾಟನ್ ಸೀರೆ, ಗಂಡಸರ ದೊಡ್ಡ ಕೈಗಡಿಯಾರ, ಕುತ್ತಿಗೆಗೆ ಕನ್ನಡಕದ ದಾರ.

"ಆಪರೇಷನ್ ಮಾಡಿದ ಡಾಕ್ಟ್ರಿಗೆ ಮಂದಿ ಪೇಢಾ ತಂದು ಕೊಡ್ತಾರ. ನಾ ಸಂತಿಯೊಳಗ ಎದುರು ಬಂದ್ರ ಯಾರಿಗೂ ಗುರುತು ಸಿಗಂಗಿಲ್ಲ" ಎಂದು ಒಮ್ಮೆ ನನ್ನ ಹತ್ತಿರ ನಕ್ಕಿದ್ದರು. "ಹೆಂಗ ಸಿಗಬೇಕ್ರಿ, ನನ್ನ ಕೆಲಸ ಶುರುವಾಗೋ ಹೊತ್ತಿಗೆ ಎಲ್ಲಾರೂ ಮಲಗಿರ್ತಾರ."

ನನಗೆ ಅವರ ಪರಿಚಯವಾದದ್ದು ಬೆಲ್ಲದ ಪಾಕದಿಂದ. ಪಂಚಮಿ ಹಬ್ಬಕ್ಕೆ ಶೇಂಗಾ ಉಂಡಿ ಕಟ್ಟಬೇಕಿತ್ತು. ಪಾಕ ಎಳೆ ಬಂದಿದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದೆ. ಪಾತ್ರೆ ಹಿಡಿದ ಇಕ್ಕಳ ಜಾರಿತು. ಎಡ ತೋಳು, ಎಡ ತೊಡೆ. ಕುದಿಯುವ ನೀರಾದರೆ ಹರಿದು ಹೋಗುತ್ತದೆ, ಪಾಕ ಅಂಟಿಕೊಂಡು ಕೂರುತ್ತದೆ. ನರ್ಸಿಂಗ್ ಹೋಮಿಗೆ ಸೇರಿಸಿದಾಗ ಸರ್ಜನ್ ನೋಡಿ, ಸತ್ತ ಚರ್ಮ ತೆಗೆದು, ಬಲ ತೊಡೆಯ ಚರ್ಮ ಕೂರಿಸಬೇಕು, ಆಮೇಲೂ ದಿನ ಬಿಟ್ಟು ದಿನ ಡ್ರೆಸಿಂಗ್, ನೋವು ತಡೆಯಲು ಆಗುವುದಿಲ್ಲ, ಪ್ರತಿ ಸಲವೂ ಮತ್ತು ಕೊಟ್ಟೇ ಮಾಡಬೇಕು ಎಂದರು.

ಸಂಜೆ ಡಾಕ್ಟ್ರಮ್ಮ ವಾರ್ಡಿಗೆ ಬಂದರು. ನಮ್ಮ ಅತ್ತೆ ಮಂಚದ ತುದಿಯಲ್ಲಿ, ಯಜಮಾನರು ಬಾಗಿಲಲ್ಲಿ. ನಮ್ಮವರಿಗೆ ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳ ಬಿಡಿಭಾಗಗಳ ಅಂಗಡಿ. ಆವತ್ತು ಗ್ರೀಸಿನ ಕೈಯಲ್ಲೇ ಓಡಿ ಬಂದಿದ್ದರು. ಡಾಕ್ಟ್ರಮ್ಮ ಹಲ್ಲು ಅಳ್ಳಾಡುತ್ತವೆಯೇ, ಉಬ್ಬಸ ಇದೆಯೇ ಎಂದೆಲ್ಲ ಕೇಳಿ, ಆಮೇಲೆ, "ಊಟ ಹೆಂಗ್ರಿ? ಮಾಂಸ, ಮೀನು, ತತ್ತಿ?" ಎಂದರು.

ಅತ್ತೆಯ ಮುಖ ಗಂಟಾಯಿತು. "ನಮ್ಮ ಮನ್ಯಾಗ ತತ್ತಿ ಹೆಸರೂ ಹೇಳಂಗಿಲ್ರಿ."

"ತಪ್ಪು ತಿಳೀಬ್ಯಾಡ್ರಿ, ಕೇಳಬೇಕಾಗ್ತೈತಿ. ಹಾಲು, ಮೊಸರು ಸರಿಯಾಗಿ ತೊಗೊಂತಾರಲ್ಲ?"

"ಎರಡು ಎಮ್ಮಿ ಅದಾವ್ರಿ ಮನ್ಯಾಗ. ಹಾಲು ಮೊಸರಿಗೇನು ಬರ."

ಡಾಕ್ಟ್ರಮ್ಮ ನನ್ನ ಕಡೆ ತಿರುಗಿದರು. "ನೀವ ಹೇಳ್ರಿ."

ನಾನು ಹೂಂ ಎಂದು ತಲೆ ಆಡಿಸಿದೆ.

ಅದು ಸುಳ್ಳು. ನಾನು ಹಾಲು ಮೊಸರು ಮುಟ್ಟಿ ನಾಲ್ಕೂವರೆ ವರ್ಷವಾಗಿತ್ತು.

ನನ್ನ ಮಗಳಿಗೆ ಮೂರೂವರೆ ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ಕಿವಿ ಸರಿಯಾಗಿದೆ, ನಾಲಿಗೆ ಸರಿಯಾಗಿದೆ, ಕಾಯಿರಿ ಎಂದು ಡಾಕ್ಟರುಗಳು ಹೇಳುತ್ತಿದ್ದರು. ಕಾಯುವುದು ಹೇಗೆಂದು ಯಾರೂ ಹೇಳಲಿಲ್ಲ. ನಮ್ಮ ಕಡೆ ದೇವರಿಗೆ ಏನಾದರೂ ಬಿಡುವ ಪದ್ಧತಿ ಇದೆ. ನಮ್ಮ ಅತ್ತೆ, ತಮ್ಮ ಮಗನ ಜ್ವರಕ್ಕಾಗಿ ಬದನೆಕಾಯಿ ಬಿಟ್ಟವರು, ಇಂದಿಗೂ ತಿಂದಿಲ್ಲ. ಬಳ್ಳಾರಿಯಲ್ಲಿ ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳೂ ಈಸ್ಟರಿಗೆ ಮುಂಚಿನ ನಲವತ್ತು ದಿನ ಸಕ್ಕರೆ ಬಿಡುತ್ತಿದ್ದರು. ಬಿಟ್ಟದ್ದನ್ನು ಹೇಳಿಕೊಂಡು ತಿರುಗಬಾರದು ಎಂದು ನಮಗೆ ಕಲಿಸಿದವರೂ ಅವರೇ. ಎರಡೂ ನನ್ನೊಳಗೆ ಸೇರಿಕೊಂಡಿದ್ದವು. ಒಂದು ಸೋಮವಾರ ದೇವರ ಮುಂದೆ ಕೂತು, ಇವಳ ಬಾಯಿಂದ ಮಾತು ಬಂದರೆ ಇವಳಿಗೆ ಹತ್ತು ತುಂಬುವವರೆಗೆ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಮುಟ್ಟುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ ಎಂದುಕೊಂಡೆ. ಅವತ್ತಿನಿಂದಲೇ ಬಿಟ್ಟೆ. ಆರು ತಿಂಗಳಿಗೆ ಮಗಳು ಹಿತ್ತಲಲ್ಲಿ ನಿಂತು, "ಎಮ್ಮಿ ಓಡಿತು" ಎಂದಳು. ಅಲ್ಲಿಂದ ಅವಳ ಬಾಯಿ ಮುಚ್ಚಿಲ್ಲ.

ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳ ತಟ್ಟೆಯನ್ನು ಯಾರು ನೋಡುತ್ತಾರೆ. ಹಾಲು ಹಾಕಿದ ಚಹಾ ಎದೆ ಉರಿಸುತ್ತದೆ ಎಂದು ಕರಿ ಚಹಾ ಕುಡಿದೆ. ನನ್ನ ಪಾಲಿನ ಮಜ್ಜಿಗೆಯನ್ನು ಕರಿಬೇವಿನ ಗಿಡಕ್ಕೆ ಸುರಿದೆ. ಗಿಡ ಸೊಂಪಾಗಿ ಬೆಳೆಯಿತು. ನಮ್ಮ ಓಣಿಯ ಅರ್ಧ ಮನೆಗಳ ಒಗ್ಗರಣೆಗೆ ನಮ್ಮದೇ ಸೊಪ್ಪು.

ಆಪರೇಷನ್ ಥಿಯೇಟರಿನಲ್ಲಿ ಮಲಗಿಸಿದಾಗ ನನಗೆ ಹಲ್ಲು ಕಟಕಟ ಎನ್ನುತ್ತಿತ್ತು. ತಲೆಯ ಹತ್ತಿರ ಎರಡು ಸಿಲಿಂಡರು. ಒಂದು ಕಪ್ಪು, ಹೆಗಲಿಗೆ ಬಿಳಿ ಬಣ್ಣ. ಇನ್ನೊಂದು ಪೂರ್ತಿ ನೀಲಿ, ನಮ್ಮ ಕಾನ್ವೆಂಟಿನ ಲಂಗದ ನೀಲಿ. ಅದರಲ್ಲಿರುವುದು ನಗೆ ಅನಿಲ, ಶಾಲೆಯಲ್ಲಿ ಓದಿರುತ್ತೀರಿ ಎಂದರು ಡಾಕ್ಟ್ರಮ್ಮ. ಬೇರೆ ಡಾಕ್ಟರುಗಳು ಒಂದು, ಎರಡು, ಮೂರು ಎಣಿಸಿ ಎನ್ನುತ್ತಾರಂತೆ. ಇವರು ಅಡಿಗೆ ಕೇಳುತ್ತಿದ್ದರು.

"ನಿಮ್ಮ ಕೈಯಾಗ ಯಾವ ಅಡಿಗಿ ಭೇಷ್ ಆಗ್ತೈತ್ರಿ?"

"ಮಜ್ಜಿಗಿ ಸಾರು" ಎಂದೆ. ಬಾಯಿಗೆ ಅದೇ ಯಾಕೆ ಬಂತೋ. ಬಿಟ್ಟದ್ದೇ ಮೊದಲು ನೆನಪಾಗುತ್ತದೆ ಇರಬೇಕು.

"ಹೆಂಗ ಮಾಡ್ತೀರಿ, ಹೇಳ್ರಿ. ನಿಧಾನಕ್ಕ ಹೇಳ್ರಿ."

ಹಸಿ ಶುಂಠಿ, ಜೀರಿಗೆ, ಹಸಿಮೆಣಸಿನಕಾಯಿ, ಸ್ವಲ್ಪ ಕೊಬ್ಬರಿ ಅರೆದುಕೊಳ್ಳಬೇಕು ಎಂದೆ. ಮಾಸ್ಕು ಬಂತು, ತಣ್ಣನೆಯ ಕಿರುಬೆರಳು ಬಂತು. ಮೊಸರು ಒಡೆಯಬಾರದು ಅಂದರೆ, ಎನ್ನುವಷ್ಟರಲ್ಲಿ ಮಾತು ದೂರ ಹೋಯಿತು. ಎಚ್ಚರವಾದಾಗ ಕಿವಿಯ ಹತ್ತಿರ ಅದೇ ದನಿ. "ಒಡೀಬಾರದು ಅಂದ್ರ ಏನ್ ಮಾಡ್ಬೇಕು, ಹೇಳ್ರಿ ನೋಡೋಣ."

"ಕಡ್ಲಿಹಿಟ್ಟು" ಎಂದೆನಂತೆ. ಅವರು ನರ್ಸಿಗೆ, "ಬಂದ್ರು" ಎಂದರಂತೆ.

ಅವರು ಎಬ್ಬಿಸುವ ರೀತಿಯೇ ಹಾಗೆ. ಎಲ್ಲಿ ಮಾತು ನಿಂತಿತ್ತೋ ಅಲ್ಲಿಂದಲೇ ಎತ್ತಿಕೊಳ್ಳುವುದು. ಕಂಪ್ಲಿಯ ಮೀನು ಸಾರು, ಗಾದಿಗನೂರಿನ ಕಾರಬ್ಯಾಳಿ, ಸಂಡೂರಿನ ಯಾರದೋ ಅಜ್ಜಿಯ ಹುರುಳಿ ಕಟ್ಟು ಎಲ್ಲವನ್ನೂ ಮಾಸ್ಕಿನ ಈಚೆ ನಿಂತು ಕೇಳಿದವರು. "ನನಗ ಬರೋದೆಲ್ಲಾ ಅರ್ಧ ಅಡಿಗಿ. ಒಗ್ಗರಣಿ ಹಾಕೂದ್ರಾಗ ಎಲ್ಲಾರೂ ಮಲಗಿಬಿಡ್ತಾರ" ಎನ್ನುತ್ತಿದ್ದರು. ಸ್ವಂತಕ್ಕೆ ಅನ್ನ, ಬೇಳೆ ಬಿಟ್ಟು ಬೇರೆ ಮಾಡಿಕೊಳ್ಳುತ್ತಿರಲಿಲ್ಲ.

ಎರಡು ಆಪರೇಷನ್, ಏಳು ಡ್ರೆಸಿಂಗ್. ಒಂಬತ್ತು ಸಲ ಒಂಬತ್ತು ಅಡಿಗೆ ಹೇಳಿದೆ. ಗಾಯ ಮಾಯುತ್ತಿತ್ತು. ಆದರೆ ನಾನು ಸೊರಗುತ್ತಿದ್ದೆ. ಬಾತ್‌ರೂಮಿಗೆ ಹೋಗಿಬಂದರೆ ಏದುಸಿರು. ನಾಲಿಗೆ ನುಣ್ಣಗಾಗಿ ಉರಿಯುತ್ತಿತ್ತು. ಪಾದದಲ್ಲಿ ಇರುವೆ ಹರಿದಾಡಿದಂತೆ ಶುರುವಾದದ್ದು ಆಮೇಲೆ ಹತ್ತಿಯ ಮೇಲೆ ನಡೆದಂತಾಯಿತು. ನೆಲ ಇದೆಯೆಂದು ಕಣ್ಣಿಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಚಪ್ಪಲಿ ಬಿಟ್ಟುಹೋದರೂ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ್ದೇ ತಡ, ಬಕೆಟ್ಟಿನ ಮೇಲೆ ಬಿದ್ದೆ. ಮಲಗಿ ಮಲಗಿ ಹಾಗಾಗಿದೆ, ಹೊಟ್ಟೆ ತುಂಬ ಉಣ್ಣು ಎಂದು ಅತ್ತೆ ಬೈದರು.

ರಕ್ತ ಪರೀಕ್ಷೆ ಮಾಡಿಸಿದಾಗ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಇಳಿದಿದ್ದವು. ಸರ್ಜನ್ ನಮ್ಮವರನ್ನು ಹೊರಗೆ ಕರೆದುಕೊಂಡು ಹೋಗಿ ಮಾತಾಡಿದರು. ನಮ್ಮವರು ಒಳಗೆ ಬಂದು, ಎಂದೂ ಮಾಡದವರು, ಕುರ್ಚಿಯ ಮೇಲಿದ್ದ ನನ್ನ ಸೀರೆಯನ್ನು ಮಡಿಚತೊಡಗಿದರು. ಅಂಚಿಗೆ ಅಂಚು ಕೂಡಿಸಲು ಬರುತ್ತಿರಲಿಲ್ಲ. ಮತ್ತೆ ಬಿಡಿಸಿ ಮತ್ತೆ ಮಡಿಚಿದರು.

"ಏನಂದ್ರು?" ಎಂದೆ.

"ಬಳ್ಳಾರಿಗೆ ಹೋಗಿ ಮೂಳಿ ಒಳಗಿನ ಮಜ್ಜೆ ಟೆಸ್ಟ್ ಮಾಡಿಸ್ಬೇಕಂತ. ಸುಮ್ನ, ಒಂದು ಸಲ ನೋಡಾಕ."

ಆ ಸುಮ್ನ ಎನ್ನುವ ಮಾತಿನಲ್ಲೇ ನನಗೆ ಅರ್ಥವಾಯಿತು. ನಮ್ಮ ಓಣಿಯಲ್ಲಿ ಆ ಟೆಸ್ಟಿಗೆ ಹೋದವರೊಬ್ಬರು ಇದ್ದರು. ರಕ್ತದ ಕ್ಯಾನ್ಸರ್ ಎಂದು ಬಂದಿತ್ತು, ಅವರು ಈಗ ಇಲ್ಲ.

ಬಳ್ಳಾರಿಯಲ್ಲಿ ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದರು. ರಿಪೋರ್ಟು ಬರಲು ನಾಲ್ಕೈದು ದಿನ ಎಂದರು. ಅಷ್ಟರಲ್ಲಿ ಎಂಟನೆಯ ಡ್ರೆಸಿಂಗಿನ ದಿನ ಬಂತು. ಡಾಕ್ಟ್ರಮ್ಮ ಎಂದಿನಂತೆ ತಲೆಯ ಹತ್ತಿರ ನಿಂತು, "ಇವತ್ತೇನು ಅಡಿಗಿ?" ಎಂದರು.

"ಖಾರದ್ದು ಬ್ಯಾಡ್ರಿ ಮೇಡಂ, ನಾಲಿಗಿ ಉರೀತೈತಿ."

ಮಾಸ್ಕು ಹಿಡಿದ ಕೈ ಅಲ್ಲೇ ನಿಂತಿತು. ನಾಲಿಗೆ ತೋರಿಸಿ ಎಂದರು. ದೀಪ ಎಳೆದು ನೋಡಿದರು. ಕಣ್ಣಿನ ರೆಪ್ಪೆ ಕೆಳಗೆ ಎಳೆದರು. ಎಷ್ಟು ದಿನದಿಂದ, ಪಾದ ಹೇಗಿದೆ ಎಂದು ಕೇಳಿದರು. ನನ್ನನ್ನು ಕೆಳಗೆ ಇಳಿಸಿ, ಎರಡೂ ಕಾಲು ಕೂಡಿಸಿ ನಿಲ್ಲಿಸಿ, ಕಣ್ಣು ಮುಚ್ಚಿ ಎಂದರು. ಮುಚ್ಚಿದೆ. ಓಲಾಡಿ ಅವರ ಹೆಗಲ ಮೇಲೆ ಬಿದ್ದೆ. ಬಿಗಿಯಾಗಿ ಹಿಡಿದುಕೊಂಡರು, ಸ್ವಲ್ಪ ಹೊತ್ತು ಬಿಡಲೇ ಇಲ್ಲ.

ಆಮೇಲೆ ನರ್ಸಿಗೆ ಹೇಳಿದರು. "ನೀಲಿ ಸಿಲಿಂಡರ್ ಬಂದ್ ಮಾಡು. ಇವರಿಗೆ ಇನ್ನ ಮ್ಯಾಲೆ ಅದು ಬ್ಯಾಡ."

ಅವತ್ತಿನ ಡ್ರೆಸಿಂಗನ್ನು ಬೇರೆ ಇಂಜೆಕ್ಷನ್ ಕೊಟ್ಟು ಮಾಡಿಸಿದರು. ಪರೀಕ್ಷೆಗೆಂದು ಮತ್ತೊಂದು ಸೀಸೆ ರಕ್ತ ತೆಗೆದು, ಕೆಂಪು ಔಷಧಿಯ ಒಂದು ಚುಚ್ಚುಮದ್ದನ್ನು ತಾವೇ ಕೊಟ್ಟರು. ಆಮೇಲೆ ವಾರ್ಡಿಗೆ ಬಂದು ನಮ್ಮವರನ್ನೂ ಅತ್ತೆಯನ್ನೂ ಕೂರಿಸಿಕೊಂಡರು.

"ರಕ್ತ ತಯಾರಾಗೋದು ಮಜ್ಜೆಯೊಳಗ. ದಿನಾ ಹೊಸಾ ಕಣ ಹುಟ್ಟಬೇಕು, ಬಲೀಬೇಕು, ಹೊರಗ ಬರಬೇಕು. ಅವು ಬಲಿಯಾಕ ಬಿ ಹನ್ನೆರಡು ಅನ್ನೋ ವಿಟಮಿನ್ ಬೇಕು. ಮಾಂಸ, ತತ್ತಿ, ಹಾಲು, ಮೊಸರಿನ್ಯಾಗ ಇರ್ತೈತಿ ಅದು. ನಾ ಕೊಡೋ ಗ್ಯಾಸ್ ಆ ವಿಟಮಿನ್ನ ಕೆಲಸಕ್ಕ ಬರಲಾರದಂಗ ಮಾಡ್ತೈತಿ. ಮೈಯಾಗ ಸಾಕಷ್ಟು ಇದ್ದವರಿಗೆ ಒಂದು ಸಲ ಕೊಟ್ರ ಗೊತ್ತೂ ಆಗಂಗಿಲ್ಲ. ಕಡಿಮಿ ಇದ್ದವರಿಗೆ ಮ್ಯಾಲಿಂದ ಮ್ಯಾಲೆ ಕೊಟ್ರ ಇದ್ದದ್ದೂ ಹೋಗಿ ಮಜ್ಜೆ ಕೆಲಸ ನಿಂದರ್ತೈತಿ, ಕಾಲಿನ ನರಾನೂ ಸೊರಗ್ತಾವು. ಇದು ಕ್ಯಾನ್ಸರ್ ಅಲ್ಲ ಅಂತ ನನಗ ಅನಿಸ್ತೈತಿ. ರಿಪೋರ್ಟ್ ಬರ್ಲಿ. ಆದ್ರ ಅದು ಬರೂತನಕ ಸುಮ್ನಿರೋದು ಸರಿ ಅಲ್ಲ, ಇದು ನನ್ನ ಗ್ಯಾಸಿನಿಂದ ಆಗಿದ್ದು. ಮೊದಲ ರಕ್ತ ನೋಡಬೇಕಿತ್ತು, ನೋಡ್ಲಿಲ್ಲ."

ಡಾಕ್ಟರೊಬ್ಬರು ತಮ್ಮ ತಪ್ಪನ್ನು ಹೀಗೆ ಮಂಚದ ಪಕ್ಕ ಕೂತು ಹೇಳುವುದನ್ನು ನಾವ್ಯಾರೂ ಕೇಳಿರಲಿಲ್ಲ. ನಮ್ಮವರ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ಅಂದ್ರ ನಮ್ಮ ಮನಿಯಾಕಿ ನಡ್ಕೊಂಡು ಬಂದಾಕಿ, ಈಗ ನಿಂದ್ರಾಕ ಆಗವಲ್ದು, ಅದು ನಿಮ್ಮಿಂದ?"

"ಹೌದ್ರಿ."

ಅತ್ತೆ ಸೆರಗು ಬಾಯಿಗೆ ಹಿಡಿದು, "ಸುಟ್ಟ ಗಾಯ ಮಾಯಸಾಕ ಕೊಟ್ರ ಕಾಲ ಕಿತ್ಕೊಂಡ್ಯೇನವ್ವಾ ತಾಯಿ" ಎಂದರು. ಡಾಕ್ಟ್ರಮ್ಮ ಅದಕ್ಕೂ ತಲೆ ತಗ್ಗಿಸಿಕೊಂಡೇ ಕೂತಿದ್ದರು. ನಾನು ಗೋಡೆಯ ಕಡೆ ಹೊರಳಿದೆ. ಅವರು ಹಾಲು ಮೊಸರು ಎಂದು ಕೇಳಿದಾಗ ನಾನು ತಲೆ ಆಡಿಸಿದ್ದು ಸುಳ್ಳೆಂದು ನನ್ನೊಬ್ಬಳಿಗೆ ಮಾತ್ರ ಗೊತ್ತಿತ್ತು.

ಹೇಳಿಬಿಡಬಹುದಿತ್ತು. ಆದರೆ ಹೇಳಿದರೆ ಹರಕೆ ಮುರಿಯುತ್ತದೆ. ಮಗಳ ಮಾತು ನಿಂತುಹೋದರೆ? ಇದನ್ನು ಓದುವವರಿಗೆ ನಗು ಬರಬಹುದು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು, ವಿಜ್ಞಾನಕ್ಕೆ ಒಳ್ಳೆಯ ಅಂಕ ತೆಗೆದವಳು. ಆದರೆ ಮೂರೂವರೆ ವರ್ಷ ಒಂದು ಮಗುವಿನ ತುಟಿ ನೋಡುತ್ತ ಕೂತವಳಿಗೆ ಆ ಭಯ ಹೇಗಿರುತ್ತದೆಂದು ಅಂಕಪಟ್ಟಿಗೆ ಗೊತ್ತಿರುವುದಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟ್ರಮ್ಮ ಎರಡನೆಯ ಚುಚ್ಚುಮದ್ದಿಗೆ ಬಂದಾಗ ಅತ್ತೆ ತಿಂಡಿ ತರಲು ಹೋಗಿದ್ದರು. ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದಿದ್ದರು. ಅವರ ಕಣ್ಣ ಕೆಳಗೆ ಕಪ್ಪಾಗಿತ್ತು.

"ಮೇಡಂ, ನಾ ಸುಳ್ಳು ಹೇಳಿದ್ದೆ" ಎಂದೆ. ಮಿಕ್ಕದ್ದೆಲ್ಲ ಗೋಡೆ ನೋಡಿಕೊಂಡು ಹೇಳಿದೆ. ಹರಕೆ, ಎಮ್ಮಿ ಓಡಿತು, ಕರಿಬೇವಿನ ಗಿಡ.

ಬೈಯುತ್ತಾರೆಂದುಕೊಂಡಿದ್ದೆ. ಅವರು ಸ್ಟೂಲು ಎಳೆದು ಕೂತರು. "ನಾಲ್ಕೂವರೆ ವರ್ಷ" ಎಂದು ಎರಡು ಸಲ ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ, "ಅಂಥಾದ್ರಾಗ ಮಜ್ಜಿಗಿ ಸಾರು ಎಷ್ಟು ಬಾಯಾಗ ನೀರು ಬರೂವಂಗ ಹೇಳಿದ್ರಿ" ಎಂದರು.

ನನಗೆ ಅಳು ಬಂತು. "ಈಗ ನಿಮಗ ಹೇಳಿಬಿಟ್ಟೆ. ಆಕಿ ಮಾತು ಹೋದ್ರ ಏನ್ ಮಾಡ್ಲಿ?"

"ನಾ ಡಾಕ್ಟ್ರು. ಪೇಶಂಟ್ ನನಗ ಹೇಳಿದ್ದು ಹೊರಗ ಹೋಗಂಗಿಲ್ಲ, ನೀವು ಯಾರಿಗೂ ಹೇಳಿಲ್ಲ ಅಂತನ ತಿಳೀರಿ. ಹರಕಿ ಮುರೀಬ್ಯಾಡ್ರಿ. ಈ ಸೂಜಿಯೊಳಗ ಇರೋದು ಬರೇ ಆ ವಿಟಮಿನ್, ಹಾಲಲ್ಲ, ಮೊಸರಲ್ಲ. ಮಗಳಿಗೆ ಹತ್ತು ತುಂಬೂತನಕ ಸೂಜಿ ತೊಗೊರಿ. ದೇವರ ಮಾತೂ ಉಳೀತೈತಿ, ಕಾಲೂ ಉಳೀತಾವು."

"ಆದ್ರ ಮನ್ಯಾಗ ಎಲ್ಲಾರೂ ನಿಮ್ಮನ್ನ..."

"ನಾ ಕೇಳಿದ್ದು ತಪ್ಪು ರೀತಿಯೊಳಗ. ಅತ್ತಿ, ಗಂಡ ಎದುರಿಗಿದ್ರ ಯಾವ ಸೊಸಿ ಖರೆ ಹೇಳ್ತಾಳ? ನೀವು ಏನರ ಹೇಳ್ರಿ, ನಾ ರಕ್ತ ನೋಡಬೇಕಿತ್ತು. ನನ್ನ ಪಾಲು ನನಗ ಇರ್ಲಿ." ಎದ್ದು, ಹೊದಿಕೆ ಸರಿಮಾಡಿ ಹೋದರು.

ಮೂರು ದಿನಕ್ಕೆ ಬಳ್ಳಾರಿಯ ರಿಪೋರ್ಟು ಬಂತು. ಮಜ್ಜೆಯ ತುಂಬ ದೊಡ್ಡ ದೊಡ್ಡ, ಬಲಿಯದ ಕಣಗಳು. ಕ್ಯಾನ್ಸರಿನ ಗುರುತಿಲ್ಲ. ಡಾಕ್ಟ್ರಮ್ಮ ಕಳಿಸಿದ್ದ ರಕ್ತದಲ್ಲಿ ಆ ವಿಟಮಿನ್ ಇಲ್ಲವೆನ್ನುವಷ್ಟು ಕಡಿಮೆ. ನಮ್ಮವರು ಮಂಚಕ್ಕೆ ಹಣೆ ಹಚ್ಚಿ ಅತ್ತರು. ಹೆದರಿಕೆ ಹೋದ ಜಾಗಕ್ಕೆ ಸಿಟ್ಟು ಬಂತು. ಕಂಪ್ಲೇಂಟ್ ಕೊಡುತ್ತೇನೆ, ಇನ್ನೊಬ್ಬರಿಗೆ ಹೀಗಾಗಬಾರದು ಎಂದು ಕಾಗದ ಬರೆಸಿಕೊಂಡು ಬಂದರು. ಅದಿರು ಲಾರಿಗಳ ಮಾಲೀಕರ ಜೊತೆ ದಿನಾ ವಾದ ಮಾಡುವ ಮನುಷ್ಯ, ಸುಮ್ಮನಾಗುವವರಲ್ಲ. ಅವತ್ತು ಶಾಲೆ ಬಿಟ್ಟ ಮೇಲೆ ಮಗಳನ್ನೂ ಕರೆದುಕೊಂಡು ಬಂದಿದ್ದರು. ಅವಳ ಕೈ ಹಿಡಿದುಕೊಂಡೇ ಸರ್ಜನ್ನರ ಕೋಣೆಗೆ ನಡೆದರು. ಡಾಕ್ಟ್ರಮ್ಮನನ್ನೂ ಅಲ್ಲಿಗೆ ಕರೆಸಿದ್ದರು.

ವಾರ್ಡಿನಿಂದ ಆ ಕೋಣೆಗೆ ಮೂವತ್ತು ಹೆಜ್ಜೆ ಇರಬಹುದು. ನಾನು ಎದ್ದೆ. ಗೋಡೆ ಹಿಡಿದು, ಕಾಲನ್ನು ಕಣ್ಣಿನಿಂದ ನೋಡಿ ನೋಡಿ ಇಡುತ್ತ ಹೋದೆ. ಕಣ್ಣು ತಪ್ಪಿದರೆ ಕಾಲು ಎಲ್ಲಿದೆ ಎಂದು ತಿಳಿಯುತ್ತಿರಲಿಲ್ಲ. ಒಳಗಿನ ಮಾತು ಕೇಳುತ್ತಿತ್ತು.

"ನಿಮಗ ಹಂಗ ಹೇಳಾಕ ಯಾರ್ ಹೇಳಿದ್ರು?" ಎಂದು ಸರ್ಜನ್ ನಮ್ಮವರ ಎದುರಿಗೇ ಡಾಕ್ಟ್ರಮ್ಮನನ್ನು ಬೈಯುತ್ತಿದ್ದರು. "ವಿಟಮಿನ್ ಕಡಿಮಿ ಅಂತ ಸೂಜಿ ಕೊಟ್ಟು ಸುಮ್ನಾಗಿದ್ರ ಮುಗೀತಿತ್ತು. ನಾಳೆಯಿಂದ ಯಾರ್ ನಿಮ್ಮನ್ನ ಕರೀತಾರ?"

"ಕರೀಲಿಲ್ಲಂದ್ರ ಬ್ಯಾಡ ಬಿಡ್ರಿ. ಗೊತ್ತಿದ್ದದ್ದನ್ನ ಹೇಳದಂಗ ಹೆಂಗ ಇರ್ಲಿ?" ಡಾಕ್ಟ್ರಮ್ಮನ ದನಿ. ಹರಕೆಯ ವಿಷಯ ಅವರ ಬಾಯಿಂದ ಬರಲಿಲ್ಲ. ಒಂದು ಮಾತು ಹೇಳಿದ್ದರೆ ಅವರ ತಲೆಯ ಮೇಲಿನ ಭಾರ ಇಳಿಯುತ್ತಿತ್ತು.

ನಾನು ಬಾಗಿಲು ದೂಡಿದೆ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅದನ್ನು ನನಗಿಂತ ಮೊದಲು ನೋಡಿದವಳು ಮಗಳು.

"ಕಾಗದ ಕೊಡಬ್ಯಾಡ್ರಿ" ಎಂದೆ ನಮ್ಮವರಿಗೆ. "ಅವರು ಕೇಳಿದ್ರು. ನಾ ಸುಳ್ಳು ಹೇಳ್ದೆ. ಈಕಿ ಮಾತಾಡ್ಲಿ ಅಂತ ನಾಲ್ಕೂವರೆ ವರ್ಷದಿಂದ ನಾ ಹಾಲು ಮೊಸರು ಬಿಟ್ಟೀನಿ."

ನಾನು ಮಗಳ ತುಟಿಯನ್ನೇ ನೋಡುತ್ತಿದ್ದೆ. ಡಾಕ್ಟ್ರಮ್ಮನೂ ಅವಳ ತುಟಿಯನ್ನೇ ನೋಡುತ್ತಿದ್ದುದನ್ನು ನಾನು ಕಂಡೆ. ಮಗಳು ನನ್ನನ್ನೂ ಅಪ್ಪನನ್ನೂ ನೋಡಿ, ಹುಬ್ಬು ಗಂಟಿಕ್ಕಿ ಯೋಚಿಸಿದಳು.

"ಅದಕ್ಕೇನಮ್ಮಾ ನೀನು ನಿನ್ನ ಐಸ್‌ಕ್ರೀಮ್ ಪೂರಾ ನನಗ ಕೊಡ್ತಿದ್ದಿ? ನಾ ನಿನಗ ನನ್ನ ಮ್ಯಾಲೆ ಪ್ರೀತಿ ಅಂತ ತಿಳ್ದಿದ್ದೆ."

ಮೊದಲು ನಕ್ಕವರು ಡಾಕ್ಟ್ರಮ್ಮ. ನಗುತ್ತ ನಗುತ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಮ್ಮವರು ಕಾಗದವನ್ನು ಮಡಿಚಿ ಜೇಬಿಗೆ ಹಾಕಿದರು. ಅತ್ತೆಗೆ ವಿಷಯ ತಿಳಿದಾಗ ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. ನಾಲ್ಕನೆಯ ದಿನ ಊಟ ಬಡಿಸುವ ಸೌಟು ನನ್ನ ಕೈಯಿಂದ ಕಿತ್ತುಕೊಂಡು, "ನೀ ಮೊದಲ ಕುಂದ್ರು. ನಿನ್ನ ತಾಟು ನಾ ನೋಡಬೇಕು" ಎಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುತ್ತೇವೆ.

ರಕ್ತ ಬೇಗ ಸುಧಾರಿಸಿತು. ಎರಡು ವಾರಕ್ಕೆ ಉಗುರಿಗೆ ಬಣ್ಣ ಬಂತು. ಕಾಲು ಮಾತ್ರ ಹಟ ಹಿಡಿಯಿತು. ಡಾಕ್ಟ್ರಮ್ಮ ವಾರಕ್ಕೊಮ್ಮೆ ಮನೆಗೇ ಬಂದು ಸೂಜಿ ಕೊಡುತ್ತಿದ್ದರು. ಸಂಡೂರಿನಿಂದ ಬರುವಾಗ ದಾರಿಯಲ್ಲೇ ನಮ್ಮ ಮನೆ ಎನ್ನುತ್ತಿದ್ದರು, ಅದು ದಾರಿಯಲ್ಲಿ ಇರಲಿಲ್ಲ. ಬರುವಾಗ ಶಾಲೆಯ ಲ್ಯಾಬಿನಲ್ಲಿರುವಂಥ ಒಂದು ಟ್ಯೂನಿಂಗ್ ಫೋರ್ಕ್ ತರುತ್ತಿದ್ದರು. ಅಂಗೈಗೆ ಬಡಿದು ನನ್ನ ಕಾಲಿನ ಗಂಟಿಗೆ ಒತ್ತಿ, "ಜುಂ ಅಂತೈತೇನ್ರಿ?" ಎನ್ನುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಅವರು ಬೇಸರ ತೋರಿಸದೆ ಚೀಲಕ್ಕೆ ಹಾಕಿಕೊಂಡು, ಅತ್ತೆ ಕೊಟ್ಟ ಚಹಾ ಕುಡಿದು ಹೋಗುತ್ತಿದ್ದರು. ಅತ್ತೆ ಅವರ ಮುಖ ನೋಡದೆ ಚಹಾದ ಬಸಿ ಇಡುತ್ತಿದ್ದರು, ಆದರೆ ಶುಂಠಿ ಜಾಸ್ತಿ ಹಾಕಿರುತ್ತಿದ್ದರು. ನಾಲ್ಕನೆಯ ತಿಂಗಳು ಒಂದು ಮಂಗಳವಾರ, ಮೂಳೆಯೊಳಗೆ ಎಲ್ಲೋ ದೂರದಲ್ಲಿ ಜೇನು ಗುಂಯ್ ಎಂದಂತಾಯಿತು. ಹೇಳಿದೆ. ಡಾಕ್ಟ್ರಮ್ಮ ನಂಬದೆ ಎರಡು ಸಲ ಬಡಿದು ಇಟ್ಟು, ಒಂದು ಸಲ ಬಡಿಯದೆ ಸುಮ್ಮನೆ ಇಟ್ಟು ಪರೀಕ್ಷೆ ಮಾಡಿದರು. ಆಮೇಲೆ ನೆಲದ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂತು, "ಅವ್ವಾರ, ಇವತ್ತು ಊಟಾನ ಮಾಡ್ಕೊಂಡು ಹೋಗ್ತೀನಿ" ಎಂದರು ಅತ್ತೆಗೆ.

ಮಗಳಿಗೆ ಹತ್ತು ತುಂಬಿದ ದಿನ ಬುತ್ತಿ ಕಟ್ಟಿಕೊಂಡು ಹಂಪಿಗೆ ಹೋದೆವು. ಡಾಕ್ಟ್ರಮ್ಮ ಕಂಪ್ಲಿಯ ಕೆಲಸ ಮುಗಿಸಿ ಕಮಲಾಪುರದ ಮೇಲೆ ಬಂದು ಕೂಡಿಕೊಂಡರು. ಬಂಡೆಯ ನೆರಳಲ್ಲಿ ಅತ್ತೆ ಮೊಸರನ್ನದ ಮೊದಲ ತುತ್ತನ್ನು ತಾವೇ ನನ್ನ ಬಾಯಿಗೆ ಇಟ್ಟರು. ಹುಳಿ ಎಂದರೆ ಹೇಗಿರುತ್ತದೆಂದು ಮರೆತೇಹೋಗಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. "ಉಪ್ಪು ಸ್ವಲ್ಪ ಕಡಿಮಿ" ಎಂದೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಡಾಕ್ಟ್ರಮ್ಮ ಹೋದರು. ಎದೆ ನೋವು ಎಂದು ತಮ್ಮನಿಗೆ ಫೋನ್ ಮಾಡಿ ಕೂತವರು ಏಳಲಿಲ್ಲವಂತೆ. ಮಂದಿಯನ್ನು ಅಷ್ಟು ಸಲ ಎಬ್ಬಿಸಿದವರ ಹತ್ತಿರ ಆ ಹೊತ್ತಿಗೆ ಯಾರೂ ಇರಲಿಲ್ಲ. ಕಂಪ್ಲಿಯಲ್ಲಿ ಅವರ ತಮ್ಮನ ಮನೆಗೆ ತಂದಿದ್ದರು. ನಾವು ಹೋದಾಗ ನಡು ಮಧ್ಯಾಹ್ನ. ಥಿಯೇಟರಿನಲ್ಲಿ ಅವರ ಜೊತೆ ಇದ್ದ ನರ್ಸ್ ನನ್ನನ್ನು ಗುರುತು ಹಿಡಿದು ಪಕ್ಕಕ್ಕೆ ಕರೆದರು.

"ನಿಮ್ಮ ಕೇಸ್ ಆದ ಮ್ಯಾಲೆ ಮೇಡಂ ಬದಲಾಗಿಬಿಟ್ರು ನೋಡ್ರಿ. ಹೆಣ್ಮಕ್ಕಳನ್ನ ನೋಡಾಕ ಹೋದ್ರ ಮನಿಯವರನ್ನೆಲ್ಲಾ ಹೊರಗ ಕಳಸ್ತಿದ್ರು. ಬಾಗಲಾ ಹಾಕಿ, ದೇವರಿಗೆ ಏನರ ಬಿಟ್ಟೀರೇನವ್ವಾ ಅಂತ ಕೇಳ್ತಿದ್ರು. ಎಷ್ಟು ಮಂದಿ ಹೂಂ ಅಂದಾರ ಅಂತೀರಿ. ಒಬ್ಬಾಕಿ ಅನ್ನಾನ ಬಿಟ್ಟಿದ್ಲು. ಅಂಥಾವರಿಗೆಲ್ಲ ಮೊದಲ ರಕ್ತ ನೋಡೋದು, ಸೂಜಿ ಕೊಡೋದು, ನೀಲಿ ಸಿಲಿಂಡರ್ ಮುಟ್ಟತಿದ್ದಿಲ್ಲ."

"ನನ್ನ ವಿಷಯ ಹೇಳ್ತಿದ್ರೇನು?" ಎಂದೆ.

"ಒಂದು ಸಲಾನೂ ಇಲ್ರಿ. ನನ್ನ ಕೈಯಾಗ ಒಂದು ತಪ್ಪಾಗಿತ್ತು ಅಂತಷ್ಟ ಹೇಳ್ತಿದ್ರು."

ಅವರನ್ನು ಒಳಗಿನ ಪಡಸಾಲೆಯಲ್ಲಿ ಮಲಗಿಸಿದ್ದರು. ಹೊರಗೆ ದೊಡ್ಡ ಅಂಗಳ, ಉದ್ದಕ್ಕೂ ಕರಿಕಲ್ಲಿನ ಚಪ್ಪಡಿ, ನೆತ್ತಿಯ ಮೇಲೆ ನಮ್ಮ ಸೀಮೆಯ ಬಿಸಿಲು. ಚಪ್ಪಲಿಯನ್ನು ಗೇಟಿನಲ್ಲೇ ಬಿಡಬೇಕಿತ್ತು. ಬಂದವರೆಲ್ಲ ಉಸ್ ಎನ್ನುತ್ತ, ತುದಿಗಾಲಲ್ಲಿ ಹಾರುತ್ತ ನೆರಳಿಗೆ ಓಡುತ್ತಿದ್ದರು. ಮಗಳು ಓಡಿ ಪಡಸಾಲೆಯ ಮೆಟ್ಟಿಲು ಹತ್ತಿ, "ಅಮ್ಮಾ, ಜಲ್ದಿ ಬಾ, ಕಾಲು ಸುಡ್ತಾವು" ಎಂದು ಕರೆದಳು.

ಸುಡುತ್ತಿತ್ತು. ಹಿಮ್ಮಡಿ, ಅಂಗಾಲು, ಒಂದೊಂದು ಬೆರಳಿನ ತುದಿಯೂ ಬೇರೆ ಬೇರೆಯಾಗಿ ಸುಡುತ್ತಿತ್ತು. ನಾನು ಸೆರಗು ತಲೆಗೆ ಎಳೆದುಕೊಂಡು, ಅವರ ಕಡೆಗೆ ನಿಧಾನವಾಗಿ ನಡೆದೆ.